ಟೋಕಿಯೊ ವಿಶ್ವವಿದ್ಯಾಲಯ: ಇಂಗ್ಲಿಷ್, ಜರ್ಮನ್ ಪಾಠ ಜಪಾನಿ ಭಾಷೆಗೆ ಹೊರಳಿದ್ದು ಹೇಗೆ?

ಹೊಂಗೆಮರ

ಕನ್ನಡದಲ್ಲಿ ಉನ್ನತ ಶಿಕ್ಷಣದ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಜಪಾನನ್ನು ಎತ್ತಿ ತೋರಿಸುತ್ತಾರೆ. "ಅವರು ಮೊದಲಿನಿಂದಲೂ ತಮ್ಮ ಭಾಷೆಯಲ್ಲೇ ಡಾಕ್ಟರಿಕೆ, ಎಂಜಿನಿಯರಿಂಗ್ ಓದಿದವರು" ಅನ್ನುತ್ತಾರೆ. ಹೋದ ವಾರ ಇಲ್ಲೇ ಇನ್ನೊಂದು ಚರ್ಚೆಯಲ್ಲಿ ಈ ಮಾತು ಬಂತು. ಅಲ್ಲಿ ಉತ್ತರ ಬರೆದರೆ ವಿಷಯ ದಾರಿ ತಪ್ಪುತ್ತದೆ ಅಂತ ಇಲ್ಲಿ ಬೇರೆಯಾಗಿ ಬರೆಯುತ್ತಿದ್ದೇನೆ. ನನ್ನ ತಕರಾರು "ಮೊದಲಿನಿಂದಲೂ" ಅನ್ನುವ ಒಂದು ಪದದ ಮೇಲೆ.

ಟೋಕಿಯೊ ವಿಶ್ವವಿದ್ಯಾಲಯ ಹುಟ್ಟಿದ್ದು 1877ರ ಏಪ್ರಿಲ್ 12ರಂದು. ಕೈಸೇ ಶಾಲೆ ಮತ್ತು ಟೋಕಿಯೊ ವೈದ್ಯಕೀಯ ಶಾಲೆ ಎರಡನ್ನೂ ಸೇರಿಸಿ ಕಟ್ಟಿದರು. ಕಾನೂನು, ವಿಜ್ಞಾನ, ಸಾಹಿತ್ಯ, ವೈದ್ಯಕೀಯ ಅಂತ ನಾಲ್ಕು ವಿಭಾಗ. ಆಗ ಅಲ್ಲಿನ ಪಾಠ ಬಹುಪಾಲು ಇಂಗ್ಲಿಷಿನಲ್ಲಿ. ವೈದ್ಯಕೀಯ ಮಾತ್ರ ಜರ್ಮನಿನಲ್ಲಿ. ಒಳಗೆ ಕಾಲಿಡುವ ಮೊದಲು ಹುಡುಗರು ಪೂರ್ವಸಿದ್ಧತಾ ಶಾಲೆಯಲ್ಲಿ ವರ್ಷಗಟ್ಟಲೆ ಆ ಭಾಷೆಗಳನ್ನು ಅರೆದು ಕುಡಿಯಬೇಕಿತ್ತು. ಪ್ರಾಧ್ಯಾಪಕರಲ್ಲಿ ಹೆಚ್ಚಿನವರು ಅಮೆರಿಕ, ಬ್ರಿಟನ್, ಜರ್ಮನಿಯವರು. ಪ್ರಾಣಿಶಾಸ್ತ್ರಕ್ಕೆ ಅಮೆರಿಕದ ಎಡ್ವರ್ಡ್ ಮೋರ್ಸ್ ಬಂದರು. ಯೊಕೊಹಾಮಾದಿಂದ ಟೋಕಿಯೊಗೆ ರೈಲಿನಲ್ಲಿ ಬರುವಾಗಲೇ ಕಿಟಕಿಯಿಂದ ಓಮೊರಿಯ ಹತ್ತಿರ ಚಿಪ್ಪಿನ ದಿಬ್ಬ ಕಂಡು, ಆಮೇಲೆ ಅದನ್ನು ಅಗೆದು ಜಪಾನಿನ ಪುರಾತತ್ತ್ವಕ್ಕೆ ಅಡಿಪಾಯ ಹಾಕಿದವರು ಅವರು. ಭೌತಶಾಸ್ತ್ರಕ್ಕೆ ಬಂದ ಮೆಂಡೆನ್‌ಹಾಲ್ 1880ರಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಫ್ಯೂಜಿ ಬೆಟ್ಟದ ತುದಿ ಹತ್ತಿ ಗುರುತ್ವವನ್ನು ಅಳೆದರು. ವೈದ್ಯಕೀಯದಲ್ಲಿ ಜರ್ಮನಿಯ ಎರ್ವಿನ್ ಬೆಲ್ಟ್ಸ್ ದಶಕಗಳ ಕಾಲ ಇದ್ದರು.

ಈ ವಿದೇಶಿಯರಿಗೆ ಕೊಡುತ್ತಿದ್ದ ಸಂಬಳ ಜಪಾನಿನ ಬೊಕ್ಕಸಕ್ಕೆ ದೊಡ್ಡ ಹೊರೆ. ಆದ್ದರಿಂದ ಸರ್ಕಾರದ ಲೆಕ್ಕಾಚಾರ ಮೊದಲ ದಿನದಿಂದಲೇ ಸ್ಪಷ್ಟವಾಗಿತ್ತು. ಚುರುಕಾದ ಹುಡುಗರನ್ನು ಹೊರಗೆ ಕಳಿಸುವುದು, ಕಲಿತು ಬಂದವರನ್ನು ಆ ಕುರ್ಚಿಗಳಲ್ಲಿ ಕೂರಿಸುವುದು, ಅವರು ತಮ್ಮ ಭಾಷೆಯಲ್ಲಿ ಪಾಠ ಮಾಡುವುದು. ಗಣಿತಕ್ಕೆ ಕಿಕುಚಿ ದೈರೋಕು ಕೇಂಬ್ರಿಜ್‌ನಿಂದ ಬಂದರು. ಭೌತಶಾಸ್ತ್ರಕ್ಕೆ ಯಾಮಕಾವಾ ಕೆಂಜಿರೊ ಅಮೆರಿಕದ ಯೇಲ್‌ನಿಂದ ಬಂದರು. ಈ ಯಾಮಕಾವಾ 1868ರ ಅಂತರ್ಯುದ್ಧದಲ್ಲಿ ಸೋತು ಸುಣ್ಣವಾದ ಐಜು ಸಂಸ್ಥಾನದ ಸಮುರಾಯಿ ಮನೆಯ ಹುಡುಗ. ಸೋತವರ ಕಡೆಯ ಆ ಹುಡುಗನೇ 1879ರಲ್ಲಿ ಜಪಾನೀಯರಲ್ಲಿ ಮೊದಲ ಭೌತಶಾಸ್ತ್ರ ಪ್ರಾಧ್ಯಾಪಕನಾದ. 1901ರಲ್ಲಿ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷನಾದ. ನನಗೆ ಈ ಇಡೀ ಕಥೆಯಲ್ಲಿ ತುಂಬ ಹಿಡಿಸಿದ ಮನುಷ್ಯ ಈತ.

ಸುಮಾರು ಇಪ್ಪತ್ತು ವರ್ಷದಲ್ಲಿ ಬಹುತೇಕ ಪಾಠ ಜಪಾನಿ ಭಾಷೆಗೆ ಬಂತು. ಆ ಇಪ್ಪತ್ತು ವರ್ಷದ ದುಡಿಮೆಯನ್ನು ಬಿಟ್ಟು ಬರೀ ಫಲವನ್ನು ತೋರಿಸಿದರೆ ನಮಗೇನೂ ಉಪಯೋಗವಿಲ್ಲ.

ಮೇಷ್ಟ್ರು_ಅರಸೀಕೆರೆ

ಬರೆದದ್ದು ಒಳ್ಳೆಯದಾಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ದಿನಾ ನನ್ನನ್ನು ಕಾಡುವುದು ಪದಗಳ ವಿಷಯ. "ವೇಗೋತ್ಕರ್ಷ" ಅಂತ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಮೊದಲು ಪದವನ್ನೇ ಬಾಯಿಪಾಠ ಮಾಡಬೇಕು, ಅರ್ಥ ಆಮೇಲೆ. ಜಪಾನಿನಲ್ಲಿ ಈ ಪದಗಳನ್ನು ಕಟ್ಟಿದವರು ಯಾರು? ಸರ್ಕಾರದ ಸಮಿತಿಯೋ, ಪಾಠ ಮಾಡುವವರೋ?

ಹೊಂಗೆಮರ

ಮೇಷ್ಟ್ರೇ, ಮುಖ್ಯವಾಗಿ ಪಾಠ ಮಾಡುವವರು. ಅದರ ಬೇರು ಮಾತ್ರ ವಿಶ್ವವಿದ್ಯಾಲಯಕ್ಕಿಂತ ಬಹಳ ಹಳೆಯದು.

ಶೋಗನ್, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿಯ ಆಳ್ವಿಕೆಯಲ್ಲಿ ಖಗೋಳ ಕಚೇರಿ ಅಂತ ಒಂದಿತ್ತು, ಪಂಚಾಂಗ ಲೆಕ್ಕ ಹಾಕುವ ಕಚೇರಿ. 1811ರಲ್ಲಿ ಅಲ್ಲೇ ಡಚ್ ಪುಸ್ತಕಗಳನ್ನು ಅನುವಾದಿಸುವ ಒಂದು ಶಾಖೆ ತೆರೆದರು. ಅಮೆರಿಕದ ನೌಕಾಧಿಕಾರಿ ಪೆರಿಯ ಹಡಗುಗಳು ಬಂದು ಹೆದರಿಸಿದ್ದು 1853ರಲ್ಲಿ. ಆ ಗಾಬರಿಯಲ್ಲಿ 1856ರಲ್ಲಿ ಅದನ್ನು ದೊಡ್ಡ ಸಂಸ್ಥೆ ಮಾಡಿ "ಬಾನ್‌ಶೊ ಶಿರಾಬೆಶೊ" ಅಂತ ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ "ಮ್ಲೇಚ್ಛ ಗ್ರಂಥಗಳ ಪರಿಶೀಲನಾಲಯ". 1862ಕ್ಕೆ "ಮ್ಲೇಚ್ಛ" ತೆಗೆದು "ಪಾಶ್ಚಾತ್ಯ" ಅಂತ ಹಾಕಿದರು. 1863ಕ್ಕೆ ಅದನ್ನೂ ಬಿಟ್ಟು "ಕೈಸೇಜೊ" ಅಂದರು. ಏಳು ವರ್ಷದಲ್ಲಿ ಮೂರು ಹೆಸರು. ಮನಸ್ಸು ಎಷ್ಟು ಬೇಗ ಬದಲಾಯಿತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ಇದೇ ಮುಂದೆ ಕೈಸೇ ಶಾಲೆಯಾಗಿ ವಿಶ್ವವಿದ್ಯಾಲಯದ ಒಂದು ಕಾಲಾಯಿತು.

ಇನ್ನೊಂದು ಕಾಲು ಸಿಡುಬಿನ ಲಸಿಕೆಯದು. 1858ರಲ್ಲಿ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಪಾಶ್ಚಾತ್ಯ ವೈದ್ಯ ಕಲಿತ ಎಂಬತ್ತಕ್ಕೂ ಹೆಚ್ಚು ವೈದ್ಯರು ತಮ್ಮ ಕೈಯಿಂದ ಹಣ ಹಾಕಿ ಕಂದಾ ಬಡಾವಣೆಯ ಒತಾಮಗಾಇಕೆಯಲ್ಲಿ ಲಸಿಕೆ ಹಾಕುವ ಮನೆ ತೆರೆದರು. ಅದೇ ವರ್ಷ ಬೆಂಕಿ ಬಿದ್ದು ಸುಟ್ಟುಹೋಯಿತು. ಮತ್ತೆ ಕಟ್ಟಿದರು. ಟೋಕಿಯೊ ವೈದ್ಯಕೀಯ ವಿಭಾಗ ತನ್ನ ಹುಟ್ಟನ್ನು ಲೆಕ್ಕ ಹಾಕುವುದು ಈ ಮನೆಯಿಂದ.

ಈಗ ಪದಗಳು. "ತತ್ತ್ವಶಾಸ್ತ್ರ"ಕ್ಕೆ ಜಪಾನಿಯಲ್ಲಿ "ತೆತ್ಸುಗಾಕು" ಅನ್ನುತ್ತಾರಲ್ಲ, ಅದನ್ನು ಕಟ್ಟಿದ ನಿಶಿ ಅಮಾನೆ ಆ ಪರಿಶೀಲನಾಲಯದಲ್ಲೇ ಕೆಲಸ ಮಾಡಿದವರು. ಶೋಗನ್ ಸರ್ಕಾರ ಅವರನ್ನು ಹಾಲೆಂಡಿನ ಲೈಡನ್‌ಗೆ ಓದಲು ಕಳಿಸಿತ್ತು. "ನರ" ಅನ್ನುವುದಕ್ಕೆ ಇವತ್ತಿಗೂ ಬಳಸುವ "ಶಿಂಕೇ" ಪದ ಇನ್ನೂ ಹಳೆಯದು, 1774ರಲ್ಲಿ ಡಚ್ ಅಂಗರಚನಾ ಗ್ರಂಥವನ್ನು ಅನುವಾದಿಸಿದ ಸುಗಿತಾ ಗೆಂಪಾಕು ಮತ್ತು ಗೆಳೆಯರು ಕಟ್ಟಿದ್ದು. ವಿಶ್ವವಿದ್ಯಾಲಯ ಬಂದ ಮೇಲೆ ಈ ಕೆಲಸಕ್ಕೆ ಒಂದು ಶಿಸ್ತು ಬಂತು. ತತ್ತ್ವಶಾಸ್ತ್ರದ ಪದಕೋಶ 1881ರಲ್ಲಿ. ಭೌತಶಾಸ್ತ್ರದವರು 1883ರಲ್ಲಿ ಅನುವಾದ ಪದಗಳಿಗಾಗಿಯೇ ಒಂದು ಕೂಟ ಮಾಡಿಕೊಂಡು, ಪದ ಪದಕ್ಕೂ ಕೂತು ವಾದಿಸಿ, 1888ರಲ್ಲಿ ಜಪಾನಿ, ಇಂಗ್ಲಿಷ್, ಫ್ರೆಂಚ್, ಜರ್ಮನ್ ನಾಲ್ಕೂ ಭಾಷೆಯ ಪದಗಳನ್ನು ಎದುರುಬದುರು ಇಟ್ಟ ಕೋಶ ಅಚ್ಚು ಹಾಕಿಸಿದರು. ಕಿಕುಚಿ ತಮ್ಮ ರೇಖಾಗಣಿತದ ಪಠ್ಯವನ್ನು ಮೇಲಿಂದ ಕೆಳಗೆ ಬರೆಯುವ ಸಂಪ್ರದಾಯ ಬಿಟ್ಟು ಎಡದಿಂದ ಬಲಕ್ಕೆ ಅಚ್ಚು ಮಾಡಿಸಿದರು, ಸಮೀಕರಣ ಓದುವಾಗ ಕತ್ತು ತಿರುಗಿಸಬಾರದು ನೋಡಿ.

ಮೇಷ್ಟ್ರೇ, ನಿಮ್ಮ "ವೇಗೋತ್ಕರ್ಷ"ದ ಕಷ್ಟ ನನಗೆ ಅರ್ಥವಾಗುತ್ತದೆ. ಅವರ ಪದಗಳೂ ಚೀನಿ ಅಕ್ಷರಗಳಿಂದ ಕಟ್ಟಿದ ಗಟ್ಟಿ ಪದಗಳೇ, ನಮ್ಮಲ್ಲಿ ಸಂಸ್ಕೃತದಿಂದ ಕಟ್ಟುವ ಹಾಗೆ. ಅಲ್ಲಿ ಪದ ಕಟ್ಟಿದವನೇ ಮರುದಿನ ಬೆಳಿಗ್ಗೆ ಅದೇ ಪದ ಇಟ್ಟುಕೊಂಡು ಪಾಠ ಮಾಡಬೇಕಿತ್ತು. ಒಗ್ಗದ ಪದ ಅಲ್ಲೇ ಸತ್ತಿತು.

ತಾವರೆಗೆರೆ

ನಾನು ಟೋಕಿಯೊದಲ್ಲಿದ್ದೇನೆ, ಆರನೇ ವರ್ಷ. ಕೆಲಸ ಬೇರೆ ಕಡೆ, ಮನೆ ಮಾತ್ರ ವಿಶ್ವವಿದ್ಯಾಲಯದ ಹೊಂಗೊ ಆವರಣದ ಹತ್ತಿರ. ಆ ಜಾಗದ ಬಗ್ಗೆ ಎರಡು ಮಾತು.

ಹೊಂಗೊ ಮೊದಲು ಕಾಗಾ ಸಂಸ್ಥಾನದ ಮಾಯೆದಾ ಮನೆತನದ ಎದೊ ನಿವಾಸ. 1827ರಲ್ಲಿ ಶೋಗನ್ ತೊಕುಗಾವಾ ಇಯೆನಾರಿಯ ಮಗಳು ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗಾಗಿ ಕೆಂಪು ಬಾಗಿಲು ಕಟ್ಟಿಸಿದರು. ಅದೇ "ಅಕಾಮೊನ್". ಜಪಾನಿನಲ್ಲಿ "ಕೆಂಪು ಬಾಗಿಲು" ಅಂದರೆ ಟೋಕಿಯೊ ವಿಶ್ವವಿದ್ಯಾಲಯ ಅಂತಲೇ ಅರ್ಥ. ಭೂಕಂಪ ತಡೆಯುವಷ್ಟು ಗಟ್ಟಿಯಿಲ್ಲ ಅಂತ 2021ರಲ್ಲಿ ಮುಚ್ಚಿದರು. ಒಳಗೆ ಮಾಯೆದಾ ಕಾಲದ ಕೊಳ ಇನ್ನೂ ಇದೆ, ಸುತ್ತ ಮರ ಕವಿದು ಮಧ್ಯಾಹ್ನವೂ ಮಬ್ಬು. ನತ್ಸುಮೆ ಸೊಸೆಕಿಯ 1908ರ ಕಾದಂಬರಿಯ ನಾಯಕ ಸಾನ್‌ಶಿರೊ ಅಲ್ಲಿ ನಿಂತಿದ್ದನಂತೆ ಅಂತ ಅದಕ್ಕೆ ಸಾನ್‌ಶಿರೊ ಕೊಳ ಅನ್ನುತ್ತಾರೆ.

ಕೃಷಿ ವಿಭಾಗದ ಬಾಗಿಲ ಹತ್ತಿರ ಒಂದು ಕಂಚಿನ ಪ್ರತಿಮೆ ಇದೆ. ಹಾಚಿಕೊ ನಾಯಿ ಎರಡು ಕಾಲ ಮೇಲೆ ನಿಂತು ಯಜಮಾನನ ಮೈಮೇಲೆ ಹಾರುತ್ತಿದೆ. ತೀರಿಕೊಂಡ ಯಜಮಾನನಿಗಾಗಿ ಶಿಬುಯಾ ಸ್ಟೇಷನ್ನಿನಲ್ಲಿ ಕಾಯುತ್ತ ಕೂತ ಹಾಚಿಕೊ ನಮಗೆಲ್ಲ ಗೊತ್ತು. ಅದು ಕಾದದ್ದು ಈ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಪ್ರಾಧ್ಯಾಪಕ ಉಯೆನೊ ಹಿದೆಸಾಬುರೊಗಾಗಿ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅವರು 1925ರಲ್ಲಿ ತೀರಿಕೊಂಡರು. ನಾಯಿ ಸತ್ತದ್ದು 1935ರ ಮಾರ್ಚ್ 8. ಸರಿಯಾಗಿ ಎಂಬತ್ತು ವರ್ಷದ ಮೇಲೆ, 2015ರ ಅದೇ ದಿನ, ಇಬ್ಬರನ್ನೂ ಕೂಡಿಸುವ ಈ ಪ್ರತಿಮೆ ಇಟ್ಟರು. ನಾನು ಮೊದಲ ಸಲ ನೋಡಿದಾಗ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ಭಾಷೆಯ ಮಾತಿಗೆ ಬರುತ್ತೇನೆ. ವೈದ್ಯಕೀಯ ಜರ್ಮನಿನಲ್ಲಿ ಶುರುವಾಯಿತು ಅಂದಿರಲ್ಲ, ಅದರ ಗುರುತು ಇವತ್ತಿಗೂ ಅಳಿಸಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ರೋಗಿಯ ದಾಖಲೆಗೆ "ಕಾರುತೆ" ಅನ್ನುತ್ತಾರೆ, ಜರ್ಮನಿನ "ಕಾರ್ಟೆ". ಅಲೆರ್ಜಿಗೆ "ಅರೆರುಗೀ". ಇಂಗ್ಲಿಷ್ ಉಚ್ಚಾರಣೆಯಲ್ಲಿ ಹೇಳಿದರೆ ಒಂದು ಕ್ಷಣ ತಡೆದು ನೋಡುತ್ತಾರೆ. ಕಲಿಸಿದವರ ಭಾಷೆ ಪೂರ್ತಿ ಹೋಗುವುದಿಲ್ಲ, ಮನೆಯೊಳಗೆ ಒಂದು ಮೂಲೆ ಹಿಡಿದು ಕೂತುಬಿಡುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲ ಅಂತ ನನಗನ್ನಿಸುತ್ತದೆ.

ಆ ಸೊಸೆಕಿಯ ವಿಷಯ ಇನ್ನೊಂದಿದೆ. ಲೇಖಕ ಲಾಫ್ಕಾಡಿಯೊ ಹರ್ನ್ ಈ ವಿಶ್ವವಿದ್ಯಾಲಯ ಬಿಟ್ಟ ಮೇಲೆ 1903ರಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠಕ್ಕೆ ಬಂದವರು ಅವರೇ. 1911ರ ಹೊತ್ತಿಗೆ "ಈಗಿನ ಹುಡುಗರಿಗೆ ಇಂಗ್ಲಿಷ್ ಬರುವುದಿಲ್ಲ" ಅನ್ನುವ ದೂರು ಎಲ್ಲ ಕಡೆ ಇತ್ತು. ಅವರು ಬರೆದದ್ದರ ತಾತ್ಪರ್ಯ ಇಷ್ಟು: ನಮ್ಮ ಕಾಲದಲ್ಲಿ ಎಲ್ಲ ವಿಷಯವನ್ನೂ ಇಂಗ್ಲಿಷಿನಲ್ಲೇ ಕಲಿತೆವು, ಹಾಗಾಗಿ ಬರುತ್ತಿತ್ತು. ದೇಶ ತನ್ನ ಭಾಷೆಯಲ್ಲಿ ಕಲಿಸಲು ಶಕ್ತವಾದ ಮೇಲೆ ಇಂಗ್ಲಿಷ್ ಕುಗ್ಗುವುದು ಸಹಜ, ಅದಕ್ಕೆ ಅಳಬೇಕಿಲ್ಲ. ಇಂಗ್ಲಿಷ್ ಪಾಠ ಮಾಡಿದವರೇ ಇದನ್ನು ಹೇಳಿದರು ಅನ್ನುವುದು ನನಗೆ ದೊಡ್ಡ ವಿಷಯ.

ಕಲಬುರ್ಗಿ_ಕಲ್ಲು

ಎಲ್ಲಾ ಓದಿದೆ, ಛಲೋ ಅದ. ಆದ್ರ ಈ ಕಥಿ ಕೇಳಿದಾಗೆಲ್ಲ ನಮ್ಮ ಕಡಿಯವರಿಗೆ ಇನ್ನೊಂದು ಕಥಿ ನೆನಪಾಗ್ತದ. ಅದನ್ನ ಯಾರೂ ಹೇಳಂಗಿಲ್ಲ, ಅದಕ್ಕ ನಾ ಹೇಳ್ತೀನಿ.

ಹೈದರಾಬಾದ್ ನಿಜಾಮರು 1918ರಾಗ ಉಸ್ಮಾನಿಯಾ ವಿಶ್ವವಿದ್ಯಾಲಯ ತೆಗೆದ್ರು. ಇಂಗ್ಲಿಷ್ ಬಿಟ್ಟು ಉರ್ದು ಮಾಧ್ಯಮ. ವೈದ್ಯಕೀಯ, ಎಂಜಿನಿಯರಿಂಗ್ ಸೈತ ಉರ್ದುವಿನಾಗ. ಅದಕ್ಕಂತ ಒಂದು ವರ್ಷ ಮೊದಲೇ ಅನುವಾದದ ಕಚೇರಿನೂ ಮಾಡಿದ್ರು. ಅಲ್ಲಿಯ ಶಿಕ್ಷಣ ಇಲಾಖೆಯ ಮುಖ್ಯಸ್ಥ ರಾಸ್ ಮಸೂದ್ 1922ರಾಗ ಜಪಾನಿಗೆ ಹೋಗಿ, ಅಲ್ಲಿಯ ಶಿಕ್ಷಣ ಪದ್ಧತಿ ನೋಡಿಕೊಂಡು ಬಂದು ಒಂದು ಪುಸ್ತಕಾನೇ ಬರೆದ್ರು. ಅಂದ್ರ ಜಪಾನಿನ ದಾರಿ ನೋಡಿ ನಡೆದ ಪ್ರಯೋಗ ಈ ನೆಲದಾಗೂ ಆಗ್ಯದ.

ಆದ್ರ ಆ ರಾಜ್ಯದಾಗ ಮಂದಿ ಮನಿಯೊಳಗ ಆಡೋ ಭಾಷಾ ಯಾವುದು? ತೆಲುಗು, ಮರಾಠಿ, ಕನ್ನಡ. ಕಲಬುರ್ಗಿ, ರಾಯಚೂರು, ಬೀದರದ ಹುಡುಗನಿಗೆ ಇಂಗ್ಲಿಷ್ ಹೆಂಗ ಪರಭಾಷಾನೋ ಉರ್ದುನೂ ಹಂಗೇ. ನಮ್ಮ ಅಜ್ಜ ಉರ್ದುವಿನಾಗ ಲೆಕ್ಕ ಕಲಿತವರು. ಸಾಯೋತನಕ ಮಗ್ಗಿ ಉರ್ದುವಿನಾಗೇ ಹೇಳ್ತಿದ್ರು, ಮಾತು ಮಾತ್ರ ಕನ್ನಡ. ಆ ಭಾಷಾ ಅಂದ್ರ ಅವರಿಗೆ ಪ್ರೀತಿನೂ ಇತ್ತು, ಅದನ್ನ ನಾ ಮುಚ್ಚಿಡಂಗಿಲ್ಲ. ಆದ್ರ ಕನ್ನಡ ಓದಾಕ, ಬರೆಯಾಕ ಅವರು ಕಲಿತದ್ದು ನಲವತ್ತು ದಾಟಿದ ಮ್ಯಾಲ.

"ದೇಶಭಾಷಾ" ಅಂದ ಕೂಡ್ಲೆ ಯಾರ ದೇಶ, ಯಾರ ಭಾಷಾ ಅಂತ ಕೇಳಬೇಕಾಗ್ತದ. ಟೋಕಿಯೊದಾಗೂ ಈ ಪ್ರಶ್ನೆ ಇರಲಿಲ್ಲೇನು?

ನೇತ್ರಾವತಿ

ಇತ್ತು, ಕಲಬುರ್ಗಿಯವರೇ. ಖಂಡಿತ ಇತ್ತು. ಹೊಂಗೆಮರ ಬರೆದದ್ದರಲ್ಲಿ ನನಗೆ ಕೊರತೆ ಕಂಡದ್ದು ಅಲ್ಲೇ.

1886ರಲ್ಲಿ ಶಿಕ್ಷಣ ಮಂತ್ರಿ ಮೋರಿ ಅರಿನೋರಿ ಸಾಮ್ರಾಜ್ಯ ವಿಶ್ವವಿದ್ಯಾಲಯದ ಶಾಸನ ತಂದರು. ಸ್ಕಾಟ್ಲೆಂಡಿನ ಹೆನ್ರಿ ಡಯರ್ ರೂಪಿಸಿದ್ದ ಎಂಜಿನಿಯರಿಂಗ್ ಕಾಲೇಜೂ ಆಗ ಇದರಲ್ಲಿ ಸೇರಿತು. ಕೃಷಿ 1890ರಲ್ಲಿ ಬಂತು. ಆ ಶಾಸನದ ಮೊದಲ ವಿಧಿಯೇ ಹೇಳುತ್ತದೆ, ರಾಜ್ಯಕ್ಕೆ ಬೇಕಾದ ವಿದ್ಯೆಯನ್ನು ಕಲಿಸುವುದು, ಸಂಶೋಧಿಸುವುದು ಈ ಸಂಸ್ಥೆಯ ಉದ್ದೇಶ ಅಂತ. ಜನರಿಗೆ ಬೇಕಾದದ್ದು ಅಂತಲ್ಲ, ರಾಜ್ಯಕ್ಕೆ. ಕೆಲವು ವರ್ಷ ಅಲ್ಲಿನ ಕಾನೂನು ಪದವೀಧರರಿಗೆ ಅಧಿಕಾರಿ ಹುದ್ದೆಗೆ ಪರೀಕ್ಷೆಯೂ ಬೇಡವಾಗಿತ್ತು. ಇನ್ನೊಂದು ವಿಷಯ, ಈ ಮೋರಿಯವರೇ 1870ರ ದಶಕದ ಆರಂಭದಲ್ಲಿ ಜಪಾನ್ ಇಂಗ್ಲಿಷನ್ನೇ ತನ್ನ ಭಾಷೆ ಮಾಡಿಕೊಳ್ಳುವುದು ಲೇಸು ಅಂತ ವಾದಿಸಿದ್ದವರು. 1889ರಲ್ಲಿ ಸಂವಿಧಾನ ಘೋಷಣೆಯ ದಿನವೇ ಅವರನ್ನು ಇರಿದರು, ಮರುದಿನ ತೀರಿಕೊಂಡರು.

1897ರಲ್ಲಿ ಕ್ಯೋಟೊದಲ್ಲಿ ಎರಡನೆಯದು ಬಂದಾಗ ಇದು "ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯ" ಆಯಿತು. ಆಮೇಲೆ ತೊಹೊಕು, ಕ್ಯೂಶು, ಹೊಕ್ಕೈದೊ, ಒಸಾಕಾ, ನಗೋಯಾ. ಒಟ್ಟು ಒಂಬತ್ತರಲ್ಲಿ ಉಳಿದೆರಡು ಎಲ್ಲಿ? 1924ರಲ್ಲಿ ಕೊರಿಯಾದ ಸೋಲ್‌ನಲ್ಲಿ, 1928ರಲ್ಲಿ ತೈವಾನಿನ ತೈಪೆಯಲ್ಲಿ. ಅಲ್ಲಿ ಪಾಠ ಯಾವ ಭಾಷೆಯಲ್ಲಿ? ಜಪಾನಿಯಲ್ಲಿ. ಟೋಕಿಯೊದ ಹುಡುಗನಿಗೆ ತಾಯ್ನುಡಿಯಾಗಿದ್ದದ್ದು ಸೋಲ್‌ನ ಹುಡುಗನಿಗೆ ಆಳುವವರ ಭಾಷೆ. ನಿಮ್ಮ ಅಜ್ಜನ ಮಗ್ಗಿಯ ಹಾಗೆ.

ಯುದ್ಧದ ಕಾಲವನ್ನು ದಾಟಿಸಿ ಹೋಗಬಾರದು. ಚಕ್ರವರ್ತಿಯೂ ರಾಜ್ಯದ ಒಂದು ಅಂಗ ಅಂತ ಕಲಿಸಿದ್ದ ಸಂವಿಧಾನ ಪಂಡಿತ ಮಿನೊಬೆ ತತ್ಸುಕಿಚಿಯ ಪುಸ್ತಕಗಳನ್ನು 1935ರಲ್ಲಿ ನಿಷೇಧಿಸಿದರು. ವಸಾಹತು ನೀತಿಯನ್ನೂ ಯುದ್ಧವನ್ನೂ ಟೀಕಿಸಿದ ಯಾನಾಯಿಹಾರಾ ತದಾವೊ 1937ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಯುದ್ಧಕ್ಕೆ ಎಂಜಿನಿಯರುಗಳು ಸಾಲದೆಂದು 1942ರಲ್ಲಿ ಚೀಬಾದಲ್ಲಿ ಎರಡನೇ ಎಂಜಿನಿಯರಿಂಗ್ ವಿಭಾಗವನ್ನೇ ತೆರೆದರು. 1943ರಿಂದ ಸಾಹಿತ್ಯ, ಕಾನೂನು ಓದುತ್ತಿದ್ದ ಹುಡುಗರನ್ನು ಸೈನ್ಯಕ್ಕೆ ಎಳೆದೊಯ್ದರು. ಎಷ್ಟೋ ಮಂದಿ ಹಿಂದೆ ಬರಲಿಲ್ಲ. ಯುದ್ಧ ಮುಗಿದ ಮೇಲೆ ಯಾನಾಯಿಹಾರಾ ಮರಳಿ ಬಂದು 1951ರಲ್ಲಿ ಅಧ್ಯಕ್ಷರಾದರು. ಯಾಮಕಾವಾ ನಿಮಗೆ ಹಿಡಿಸಿದ ಹಾಗೆ ನನಗೆ ಈತ.

ಹೆಂಗಸರ ಮಾತೂ ಬರಲಿ. ತೊಹೊಕು ವಿಶ್ವವಿದ್ಯಾಲಯ 1913ರಲ್ಲೇ ಮೂವರು ಹೆಂಗಸರನ್ನು ಸೇರಿಸಿಕೊಂಡಿತ್ತು. ಟೋಕಿಯೊ ಬಾಗಿಲು ತೆರೆದದ್ದು 1946ರಲ್ಲಿ, ಹತ್ತೊಂಬತ್ತು ಮಂದಿಗೆ. ಇವತ್ತಿಗೂ ಪದವಿ ತರಗತಿಗಳಲ್ಲಿ ಹುಡುಗಿಯರು ಐದರಲ್ಲಿ ಒಬ್ಬರು, ಅಷ್ಟೇ. ತಾಯ್ನುಡಿಯಲ್ಲಿ ಕಲಿಸಿದ ವಿಶ್ವವಿದ್ಯಾಲಯ ತಾಯಂದಿರಿಗೆ ಬಾಗಿಲು ತೆರೆಯಲು ಅರುವತ್ತೊಂಬತ್ತು ವರ್ಷ ತೆಗೆದುಕೊಂಡಿತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಹೊಂಗೆಮರ

ನೇತ್ರಾವತಿ, ಕಲಬುರ್ಗಿಯವರೇ, ಇಬ್ಬರ ಮಾತೂ ಒಪ್ಪಿದೆ. ಸೋಲ್, ತೈಪೆಗಳನ್ನು ನಾನು ಸೇರಿಸಬೇಕಿತ್ತು. ಭಾಷೆ ಯಾರದು ಅನ್ನುವ ಪ್ರಶ್ನೆಯನ್ನು ಬಿಟ್ಟು ಮಾಧ್ಯಮದ ಮಾತಾಡಿದರೆ ಅರ್ಧವೇ ಆಗುತ್ತದೆ. ಮೇಲಿನ ಬರಹವನ್ನು ತಿದ್ದುವುದಿಲ್ಲ, ಇಲ್ಲಿ ನಿಮ್ಮ ಮಾತು ಅದರ ಪಕ್ಕದಲ್ಲೇ ಇರಲಿ.

ಮೇಷ್ಟ್ರು_ಅರಸೀಕೆರೆ

ನಮ್ಮ ಕಡೆಯ ನಂಟು ಒಂದು ಹೇಳುತ್ತೇನೆ. ವಿಶ್ವೇಶ್ವರಯ್ಯನವರು 1898ರಲ್ಲಿ, ಇನ್ನೂ ಮುಂಬಯಿ ಪ್ರಾಂತ್ಯದ ಎಂಜಿನಿಯರಾಗಿದ್ದಾಗ, ಜಪಾನಿಗೆ ಹೋಗಿದ್ದರು. ಆ ದೇಶದ ಶಾಲೆ, ಕೈಗಾರಿಕೆಗಳ ಉದಾಹರಣೆ ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದಿವಾನರಾದ ಮೇಲೆ 1916ರಲ್ಲಿ, ನಾಲ್ವಡಿಯವರ ಕಾಲದಲ್ಲಿ, ಮೈಸೂರು ವಿಶ್ವವಿದ್ಯಾಲಯ ಬಂತು. ಆದರೆ ಅಲ್ಲಿ ಪಾಠ ಇಂಗ್ಲಿಷಿನಲ್ಲೇ ಉಳಿಯಿತು. ಪದವಿ ತರಗತಿಗಳಿಗೆ ಕನ್ನಡ ತರುವ ಗಟ್ಟಿ ಪ್ರಯತ್ನ ನಡೆದದ್ದು ಕುವೆಂಪು ಕುಲಪತಿಗಳಾಗಿದ್ದ 1956-60ರಲ್ಲಿ. ನಲವತ್ತು ವರ್ಷದ ಅಂತರ.

ಇನ್ನೊಂದು, ಮನಸ್ಸಿಗೆ ನೋವಾಗುವ ವಿಷಯ. ಋಗ್ವೇದವನ್ನು ಅಚ್ಚಿಗೆ ತಂದ ಮ್ಯಾಕ್ಸ್ ಮುಲ್ಲರ್ 1900ರಲ್ಲಿ ತೀರಿಕೊಂಡ ಮೇಲೆ ಅವರ ಸ್ವಂತ ಗ್ರಂಥಭಂಡಾರ, ಸುಮಾರು ಹತ್ತು ಸಾವಿರ ಪುಸ್ತಕ, ಟೋಕಿಯೊಗೆ ಹೋಯಿತು. ಅವರ ಶಿಷ್ಯ ತಾಕಾಕುಸು ಜುಂಜಿರೊ ಅಲ್ಲಿ ಸಂಸ್ಕೃತ ಪ್ರಾಧ್ಯಾಪಕ. ಮಿತ್ಸುಬಿಶಿಯ ಇವಾಸಾಕಿ ಮನೆತನ ಕೊಂಡು ಕೊಟ್ಟದ್ದು. 1923ರ ಸೆಪ್ಟೆಂಬರಿನ ಭೂಕಂಪದಲ್ಲಿ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಏಳು ಲಕ್ಷಕ್ಕೂ ಹೆಚ್ಚು ಪುಸ್ತಕ ಬೂದಿಯಾದವು. ಮುಲ್ಲರ್ ಸಂಗ್ರಹದಲ್ಲಿ ಉಳಿದದ್ದು ಆ ಹೊತ್ತಿಗೆ ಯಾರೋ ಓದಲು ಮನೆಗೆ ಒಯ್ದಿದ್ದ ಕೆಲವು ಮಾತ್ರ. ಪುಸ್ತಕ ಹಿಂದಿರುಗಿಸುವುದು ತಡವಾದದ್ದಕ್ಕೆ ಲೋಕ ಕೃತಜ್ಞವಾಗಿರಬೇಕಾದ ಸಂದರ್ಭ ಅದು. ರಾಕ್‌ಫೆಲರ್ ಹಣದಿಂದ ಹೊಸ ಗ್ರಂಥಾಲಯ 1928ಕ್ಕೆ ಎದ್ದಿತು.

ಚಾಂಪಿಯನ್_ರೀಫ್

ಕೆಜಿಎಫ್‌ನವಳು ನಾನು. ನಮ್ಮಪ್ಪ ಗಣಿಯಲ್ಲಿ ದುಡಿದವರು. ಗಣಿಯ ನಂಟು ಹೇಳದೆ ಹೋದರೆ ತಪ್ಪಾಗುತ್ತದೆ.

1965ರಲ್ಲಿ ನಮ್ಮ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ, ಅಂದರೆ ಯಾವುದಕ್ಕೂ ಸುಲಭವಾಗಿ ತಗಲದೆ ತೂರಿಹೋಗುವ ಸೂಕ್ಷ್ಮ ಕಣಗಳ, ಸುಳಿವು ಸಿಕ್ಕಿತು. ಜಗತ್ತಿನಲ್ಲಿ ಮೊದಲ ಸಲ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕಿತು. ನಮ್ಮಲ್ಲಿ ಕೆಲಸ ಮಾಡಿದವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಇಂಗ್ಲೆಂಡಿನ ಡರ್ಹಮ್ ಮತ್ತು ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯದವರು. ಟೋಕಿಯೊದವರಲ್ಲ, ಅದನ್ನು ಸ್ಪಷ್ಟ ಹೇಳುತ್ತೇನೆ. ಆಮೇಲೆ 1980ರಿಂದ ಪ್ರೋಟಾನ್ ಒಡೆಯುತ್ತದೆಯೇ ಅಂತ ನೋಡುವ ಪ್ರಯೋಗವೂ ಅದೇ ಗಣಿಯಲ್ಲಿ, ಜಪಾನಿನವರ ಜೊತೆಗೇ ನಡೆಯಿತು.

ಅದೇ ಪ್ರಶ್ನೆ ಇಟ್ಟುಕೊಂಡು ಟೋಕಿಯೊ ವಿಶ್ವವಿದ್ಯಾಲಯದ ಕೊಶಿಬಾ ಮಸಾತೊಶಿ 1983ರಲ್ಲಿ ಕಾಮಿಯೊಕಾ ಗಣಿಯೊಳಗೆ, ಸಾವಿರ ಮೀಟರ್ ಆಳದಲ್ಲಿ, ಮೂರು ಸಾವಿರ ಟನ್ ಶುದ್ಧ ನೀರಿನ ತೊಟ್ಟಿ ಇಟ್ಟರು. ಪ್ರೋಟಾನ್ ಒಡೆಯಲಿಲ್ಲ. 1987ರ ಫೆಬ್ರವರಿ 23ರಂದು ನೆರೆಯ ಗ್ಯಾಲಕ್ಸಿಯಲ್ಲಿ ಸಿಡಿದ ನಕ್ಷತ್ರದ ಹನ್ನೊಂದು ನ್ಯೂಟ್ರಿನೊ ಮಾತ್ರ ಆ ನೀರಿನಲ್ಲಿ ಗುರುತು ಬಿಟ್ಟು ಹೋದವು. ಕೊಶಿಬಾ ನಿವೃತ್ತಿಗೆ ಆಗ ಉಳಿದಿದ್ದದ್ದು ಒಂದು ತಿಂಗಳು. 2002ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಕಾಜಿತಾ ತಕಾಕಿಗೆ 2015ರಲ್ಲಿ ಬಂತು, ವಾತಾವರಣದ ನ್ಯೂಟ್ರಿನೊ ದಾರಿಯಲ್ಲಿ ಬಗೆ ಬದಲಿಸುತ್ತದೆ ಅಂತ ತೋರಿಸಿದ್ದಕ್ಕೆ. ಅಂದರೆ ನಮ್ಮ ಗಣಿಯಲ್ಲಿ 1965ರಲ್ಲಿ ಕಂಡ ಅದೇ ಜಾತಿಯ ನ್ಯೂಟ್ರಿನೊ.

ನಮ್ಮ ಗಣಿ 2001ರಲ್ಲಿ ಮುಚ್ಚಿತು. ಕೆಳಗೆಲ್ಲ ನೀರು ತುಂಬಿದೆ. ಅವರದ್ದರಲ್ಲೂ ನೀರೇ, ಐವತ್ತು ಸಾವಿರ ಟನ್ ಆಗಿದೆ ಈಗ, ಅದನ್ನು ಕಾಯುತ್ತ ಕೂತವರಿದ್ದಾರೆ. ಒಂದೇ ಪ್ರಶ್ನೆಯ ಹಿಂದೆ ತಲೆಮಾರು ತಲೆಮಾರು ಬಿಡದೆ ಕೂರುವ ಶಕ್ತಿ ಒಂದು ವಿಶ್ವವಿದ್ಯಾಲಯಕ್ಕೆ ಬಂದರೆ ಅದನ್ನೇ ನಾನು ಬೆಳವಣಿಗೆ ಅನ್ನುತ್ತೇನೆ.

ತಾವರೆಗೆರೆ

ನಿಮ್ಮ ಮಾತು ಓದಿ ಗಂಟಲು ಕಟ್ಟಿತು.

ಕರ್ನಾಟಕದ ಇನ್ನೊಂದು ಎಳೆ: ಕರಾಶಿಮಾ ನೊಬೊರು. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಭಾರತದ ಇತಿಹಾಸ ಕಲಿಸಿದವರು. ಚೋಳರ ಶಾಸನಗಳ ಸಾವಿರಾರು ಹೆಸರುಗಳನ್ನು ಪಟ್ಟಿ ಮಾಡಿ ಲೆಕ್ಕ ಹಾಕಿ ಆ ಕಾಲದ ಭೂಮಿ ಯಾರ ಕೈಯಲ್ಲಿತ್ತು ಅಂತ ಹುಡುಕಿದರು. ವಿಜಯನಗರ ಕಾಲದ ನಾಯಕರ ಬಗ್ಗೆಯೂ ಬರೆದರು. 2013ರಲ್ಲಿ ಪದ್ಮಶ್ರೀ ಕೊಟ್ಟರು, 2015ರಲ್ಲಿ ತೀರಿಕೊಂಡರು.

ಈಗಿನ ಸುದ್ದಿಯನ್ನೂ ಹೇಳಿಬಿಡುತ್ತೇನೆ. 1968-69ರ ವಿದ್ಯಾರ್ಥಿ ಹೋರಾಟ, ಯಾಸುದಾ ಸಭಾಂಗಣದಲ್ಲಿ ಎರಡು ದಿನ ಪೊಲೀಸರ ಜೊತೆ ಕಾಳಗ, ಆ ವರ್ಷ ಪ್ರವೇಶ ಪರೀಕ್ಷೆಯೇ ರದ್ದು, ಇವೆಲ್ಲ ಬೇರೆ ಚರ್ಚೆಗೇ ಆಗುವಷ್ಟಿದೆ. 2004ರಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಸ್ವತಂತ್ರ ನಿಗಮಗಳಾದವು. ಅಲ್ಲಿಂದ ಹಣದ ಬಿಗಿ ಶುರು. 2025ರಲ್ಲಿ ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ವಾರ್ಷಿಕ ಶುಲ್ಕವನ್ನು 5,35,800 ಯೆನ್‌ನಿಂದ 6,42,960ಕ್ಕೆ ಏರಿಸಿದರು, ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. 2027ರ ಶರತ್ಕಾಲಕ್ಕೆ ಪೂರ್ತಿ ಇಂಗ್ಲಿಷಿನಲ್ಲೇ ನಡೆಯುವ ಹೊಸ ಕಾಲೇಜು ತೆರೆಯುತ್ತೇವೆ ಅಂದಿದ್ದಾರೆ, ವರ್ಷಕ್ಕೆ ನೂರು ಮಂದಿಗೆ. ಇಂಗ್ಲಿಷ್ ಪಾಠದಿಂದ ಶುರುವಾದ ಜಾಗಕ್ಕೆ ಅದು ಮತ್ತೆ ಬರುತ್ತಿದೆ. ಈ ಸಲ ಬೇಕು ಅಂತ ತಾವೇ ಕರೆಯುತ್ತಿದ್ದಾರೆ ಅನ್ನುವುದಷ್ಟೇ ವ್ಯತ್ಯಾಸ. ಇದರ ಬಗ್ಗೆ ನನ್ನ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ.

ಮೇಷ್ಟ್ರು_ಅರಸೀಕೆರೆ

ಒಂದು ಕೇಳುತ್ತೇನೆ. ಜಪಾನಿ ಭಾಷೆಯಲ್ಲೇ ಮೊದಲು ಅಚ್ಚಾಗಿ, ಆಮೇಲೆ ಲೋಕ ಒಪ್ಪಿದ ಸಂಶೋಧನೆ ಆ ಮೊದಲ ಇಪ್ಪತ್ತು ವರ್ಷದಲ್ಲಿ ಏನಾದರೂ ಇದೆಯೇ? ಮಕ್ಕಳಿಗೆ ಹೇಳಬೇಕು.

ಹೊಂಗೆಮರ

ಇದೆ. ಒಂಬತ್ತನೇ ತರಗತಿಗೆ ಹೇಳಿ ಮಾಡಿಸಿದ ಹಾಗಿದೆ.

ಕೊಯಿಶಿಕಾವಾ ಅಂತ ಒಂದು ಸಸ್ಯೋದ್ಯಾನ. 1684ರಲ್ಲಿ ಶೋಗನ್ ಔಷಧಿ ಗಿಡಗಳಿಗಾಗಿ ಮಾಡಿಸಿದ್ದ ತೋಟ, 1877ರಲ್ಲಿ ವಿಶ್ವವಿದ್ಯಾಲಯಕ್ಕೆ ಬಂತು. ಅಲ್ಲೊಂದು ದೊಡ್ಡ ಗಿಂಕ್ಗೊ ಮರ. ವಿಶ್ವವಿದ್ಯಾಲಯದ ಲಾಂಛನದಲ್ಲಿರುವ ಎಲೆ ಆ ಜಾತಿಯದೇ. ಸಸ್ಯಶಾಸ್ತ್ರ ವಿಭಾಗದಲ್ಲಿ ಹಿರಾಸೆ ಸಾಕುಗೊರೊ ಅನ್ನುವವರಿದ್ದರು. ಪದವಿ ಇಲ್ಲ. ಗಿಡಗಳ ಚಿತ್ರ ಬರೆಯುವ ಕೆಲಸಕ್ಕೆ ಸೇರಿ ಸಹಾಯಕರಾದವರು. ಗಿಂಕ್ಗೊದ ಬೀಜದಲ್ಲಿ ಗರ್ಭಧಾರಣೆ ಹೇಗಾಗುತ್ತದೆ ಅಂತ ನೋಡಲು ಆ ಮರದ ಬೀಜಗಳನ್ನು ತಂದು, ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದರು. ಪರಾಗ ಬೀಳುವುದು ವಸಂತದಲ್ಲಿ, ಗರ್ಭ ನಿಲ್ಲುವುದು ಶರತ್ಕಾಲದಲ್ಲಿ. ಆ ಗಳಿಗೆ ಯಾವಾಗ ಬರುತ್ತದೆ ಅಂತ ತಿಂಗಳುಗಟ್ಟಲೆ ಕಾಯಬೇಕು, ತಪ್ಪಿದರೆ ಮುಂದಿನ ವರ್ಷವೇ. 1896ರ ಸೆಪ್ಟೆಂಬರಿನಲ್ಲಿ ಸೀಳಿನೊಳಗಿನ ದ್ರವದಲ್ಲಿ ಏನೋ ಅಲುಗಿತು. ವೀರ್ಯಾಣು. ಮೈಮೇಲಿನ ರೋಮಗಳನ್ನು ಬೀಸುತ್ತ ಈಜುತ್ತಿತ್ತು. ಜರೀಗಿಡ, ಪಾಚಿಗಳಲ್ಲಿ ಈಜುವ ವೀರ್ಯಾಣು ಇರುವುದು ಗೊತ್ತಿತ್ತು. ಬೀಜ ಬಿಡುವ ಮರದಲ್ಲಿ ಯಾರೂ ಕಂಡಿರಲಿಲ್ಲ.

ಅದನ್ನು ಅವರು ಮೊದಲು ಅಚ್ಚು ಹಾಕಿಸಿದ್ದು ಅದೇ ವರ್ಷ ಟೋಕಿಯೊದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ, ಜಪಾನಿ ಭಾಷೆಯಲ್ಲಿ, ಒಂದು ಪುಟ್ಟ ಟಿಪ್ಪಣಿಯಾಗಿ. ಕೃಷಿ ವಿಭಾಗದ ಇಕೆನೊ ಸೇಯಿಚಿರೊ ಅದೇ ವರ್ಷ ಸೈಕಸ್ ಅನ್ನುವ, ಬೀಜ ಬಿಡುವ ಇನ್ನೊಂದು ಗಿಡದಲ್ಲೂ ಅದನ್ನೇ ಕಂಡರು. ಹೊರಗಿನ ಭಾಷೆಗಳಲ್ಲಿ ಬರೆದದ್ದು ಆಮೇಲೆ. ಯುರೋಪಿನವರು ಮೊದಲು ನಂಬಲಿಲ್ಲ, ಕಣ್ಣಾರೆ ನೋಡಿದ ಮೇಲೆ ನಂಬಿದರು.

ಹಿರಾಸೆ ಮರುವರ್ಷವೇ ವಿಶ್ವವಿದ್ಯಾಲಯ ಬಿಟ್ಟು ಹಿಕೊನೆ ಊರಿನ ಮಾಧ್ಯಮಿಕ ಶಾಲೆಗೆ ಮೇಷ್ಟ್ರಾಗಿ ಹೋದರು. 1912ರಲ್ಲಿ ಇಕೆನೊಗೂ ಅವರಿಗೂ ಸಾಮ್ರಾಜ್ಯ ಅಕಾಡೆಮಿಯ ಬಹುಮಾನ ಬಂತು. ಮರ ಇನ್ನೂ ಇದೆ.

ತಾವರೆಗೆರೆ

ಇದೆ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಮೇಷ್ಟ್ರೇ, ಈ ಭಾನುವಾರ ಹೋಗಿ ಬುಡದಲ್ಲಿರುವ, ಈ ಸಂಶೋಧನೆಯ ನೆನಪಿನ ಕಲ್ಲಿನದೂ ಮರದ್ದೂ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ. ಬಿದ್ದ ಎಲೆ ಸಿಕ್ಕರೆ ಒತ್ತಿಟ್ಟುಕೊಂಡು, ಮುಂದಿನ ಸಲ ಊರಿಗೆ ಬರುವಾಗ ತರುತ್ತೇನೆ.